ಜೇಡದ ಪೆಟ್ಟಿಗೆಗೂ ಒಂದು ಕೊಟ್ಟಿಗೆ ನೆಲ

ಎಂಟು ವರ್ಷದ ಹಿಂದೆ ಇಂಗ್ಲೆಂಡಿನ ರೆಡಿಂಗ್‌ನ ನಮ್ಮ ಮನೆಯ ಸಣ್ಣ ರೂಮಿನಲ್ಲಿ ಒಂದು ವಾಸನೆ ಶುರುವಾಯಿತು. ಮಳೆಗಾಲದಲ್ಲಿ ಒದ್ದೆ ಗೋಣಿಚೀಲವನ್ನು ಮೂಲೆಯಲ್ಲಿ ಮರೆತರೆ ಬರುತ್ತದಲ್ಲ, ಅಂಥದ್ದು. ಮನೆಯವಳು ಇಲಿ ಸತ್ತಿದೆ ಅಂದಳು. ನಾನು ಕಾರ್ಪೆಟ್ ಎತ್ತಿ ನೋಡಿದೆ, ಬೀರು ಸರಿಸಿ ನೋಡಿದೆ. ಮೂರನೇ ದಿನ ಗೊತ್ತಾಯಿತು. ನಾನು ಸಾಕಿದ ಟರಂಟುಲಾ, ಅಂದರೆ ಮೈತುಂಬ ರೋಮದ ದೊಡ್ಡ ಜೇಡ, ಅದರ ಪೆಟ್ಟಿಗೆಯೊಳಗೆ, ಮರದ ತೊಗಟೆಯ ಅಡಿಯಲ್ಲಿ, ಅರ್ಧ ತಿಂದು ಬಿಟ್ಟ ಮೂರು ಕ್ರಿಕೆಟ್ ಹುಳ (ಜೇಡದ ಊಟಕ್ಕೆ ಹಾಕುವ, ಮಿಡತೆಯಂಥ ಹುಳ) ಬಿದ್ದಿದ್ದವು. ಅವುಗಳ ಮೇಲೆ ಬೆಕ್ಕಿನ ಮರಿಯ ರೋಮದ ಹಾಗೆ ಬಿಳಿ ಬೂಷ್ಟು. ಬೂಷ್ಟಿನ ಮೇಲೆ ಹರಿದಾಡುವ ಚುಕ್ಕೆಗಳು. ಜೇಡ ಇನ್ನೊಂದು ಮೂಲೆಗೆ ಹೋಗಿ ಗಾಜಿಗೆ ಅಂಟಿಕೊಂಡು ಕೂತಿತ್ತು, ಈ ಮನೆ ನನಗೆ ಬೇಡ ಅನ್ನುವ ಹಾಗೆ.

ಇವತ್ತಿನ ಮಾತು ಆ ಮೂರು ಹುಳಗಳ ಬಗ್ಗೆ. ಈಗ ನನ್ನ ಹತ್ತಿರ ಹನ್ನೊಂದು ಟರಂಟುಲಾ ಇವೆ. ಏಳರ ಪೆಟ್ಟಿಗೆಯಲ್ಲಿ ಕಸ ತಿನ್ನುವ ಸಣ್ಣ ಜೀವಿಗಳ ಒಂದು ಪಡೆ ಇದೆ. ಉಳಿದ ನಾಲ್ಕರಲ್ಲಿ ಇಲ್ಲ. ಏಳರಲ್ಲಿ ಯಾಕೆ ಇದೆ, ನಾಲ್ಕರಲ್ಲಿ ಯಾಕೆ ಇಲ್ಲ ಅಂತ ಹೇಳಿದರೆ ನನ್ನ ಮಾತು ಮುಗಿದ ಹಾಗೆ. ಆದರೆ ನಾನು ಶಿರಸಿ ಕಡೆಯವನು. ನೇರವಾಗಿ ಹೇಳಿ ಮುಗಿಸುವ ಅಭ್ಯಾಸ ಇಲ್ಲ.

ಜೇಡ ಊಟ ಮಾಡುವುದು ಹೇಗೆ ಅಂತ ಮೊದಲು ನೋಡೋಣ. ಅದು ನಮ್ಮ ಹಾಗೆ ಅಗಿದು ನುಂಗುವುದಿಲ್ಲ. ಬೇಟೆಯ ಮೇಲೆ ಜೀರ್ಣರಸ ಸುರಿಯುತ್ತದೆ, ಕೋರೆಯಿಂದ ಹಿಸುಕುತ್ತದೆ, ಒಳಗಿನದು ಕರಗಿ ಸಾರಿನಂತಾದ ಮೇಲೆ ಹೀರುತ್ತದೆ. ಕೊನೆಗೆ ಉಳಿಯುವುದು ರೆಕ್ಕೆ, ಕಾಲು, ಚಿಪ್ಪು ಎಲ್ಲ ಸೇರಿ ಬಟಾಣಿ ಗಾತ್ರದ ಒಂದು ಉಂಡೆ. ಎಲೆಅಡಿಕೆ ಹಾಕಿ ಉಗಿದ ಚರಟ ಅಂದುಕೊಳ್ಳಿ. ಸಾಕುವವರು ಇದನ್ನು ಬೋಲಸ್ ಅನ್ನುತ್ತಾರೆ. ಕೆಲವು ಜೇಡಗಳು ಶಿಸ್ತಿನವು, ಉಂಡೆಯನ್ನು ಒಂದೇ ಮೂಲೆಯಲ್ಲಿ ಹಾಕುತ್ತವೆ. ಕೆಲವು ನೀರಿನ ಬಟ್ಟಲಿಗೇ ಹಾಕುತ್ತವೆ. ನನ್ನ ಹತ್ತಿರ ಇರುವ ಒಂದು ಅದನ್ನು ಬಿಲದ ಬಾಗಿಲಲ್ಲಿ ಬಲೆಯಲ್ಲಿ ಸುತ್ತಿ ನೇತುಹಾಕುತ್ತದೆ. ಯಾಕೋ ಗೊತ್ತಿಲ್ಲ, ಬಹುಶಃ ಅಲಂಕಾರಕ್ಕೆ.

ಒಣ ಪೆಟ್ಟಿಗೆಯಲ್ಲಿ ಈ ಉಂಡೆ ಒಣಗುತ್ತದೆ, ಅಷ್ಟೇ. ತೇವ ಇರುವ ಪೆಟ್ಟಿಗೆಯಲ್ಲಿ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ಹಿಂದೆ ನುಸಿ ಬರುತ್ತದೆ. ನಮ್ಮ ತೆಂಗಿಗೆ ನುಸಿ ಕಾಟ ಬಂತಲ್ಲ, ಆ ಬಳಗದ್ದೇ ಬೇರೆ ಜಾತಿ. ಅದರ ಹಿಂದೆ ಗೂನು ಬೆನ್ನಿನ ಸಣ್ಣ ನೊಣ, ಇಲ್ಲಿಯವರು ಫೋರಿಡ್ ಫ್ಲೈ ಅನ್ನುವುದು. ಹಾರುವುದಕ್ಕಿಂತ ಜಾಸ್ತಿ ಓಡುತ್ತದೆ. ಕೊಳೆತದ್ದರಲ್ಲಿ ಮೊಟ್ಟೆ ಇಡುತ್ತದೆ.

ಸಾಕುವವರಿಗೆ ಇದಕ್ಕಿಂತ ದೊಡ್ಡ ಭಯ ನೆಮಟೋಡ್. ದಾರದ ಎಳೆಗಿಂತ ಸಣ್ಣ ಹುಳ, ಜೇಡದ ಬಾಯಿಯ ಸುತ್ತ ಸೇರಿಕೊಳ್ಳುತ್ತದೆ. ಜೇಡ ಊಟ ಬಿಡುತ್ತದೆ, ಕೊನೆಗೆ ಹಸಿವಿನಿಂದಲೇ ಸಾಯುತ್ತದೆ. 2022ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ವಿಶ್ವವಿದ್ಯಾಲಯದವರು ಇಂಥ ಒಂದು ಹೊಸ ಜಾತಿಗೆ ಟರಂಟೊಬೆಲಸ್ ಜೆಫ್‌ಡೇನಿಯಲ್ಸೈ ಅಂತ ಹೆಸರಿಟ್ಟರು. ಜೆಫ್ ಡೇನಿಯಲ್ಸ್ ಅಂದರೆ ಹಾಲಿವುಡ್ ನಟ. ಜೇಡಗಳ ಮೇಲಿನ ಒಂದು ಹಳೇ ಸಿನಿಮಾದಲ್ಲಿ ಅವರು ಜೇಡಗಳನ್ನು ಎದುರಿಸುವ ಡಾಕ್ಟರ್. ಅದಕ್ಕೇ ಜೇಡ ಕೊಲ್ಲುವ ಹುಳಕ್ಕೆ ಅವರ ಹೆಸರು. ವಿಜ್ಞಾನಿಗಳಿಗೂ ತಮಾಷೆ ಬರುತ್ತದೆ. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ: ನಾನು ಇವತ್ತು ಹೇಳುವ ಯಾವ ಹುಳವೂ ಈ ರೋಗಕ್ಕೆ ಮದ್ದಲ್ಲ. ಕೊಳೆತದ್ದನ್ನು ಕಡಿಮೆ ಮಾಡುತ್ತವೆ, ಅಷ್ಟೇ ಅವುಗಳ ಕೆಲಸ.

ಹಾಗಾದರೆ ಮೊದಲು ಜನ ಏನು ಮಾಡುತ್ತಿದ್ದರು? ಪೆಟ್ಟಿಗೆ ಪೂರ್ತಿ ಖಾಲಿ ಮಾಡುತ್ತಿದ್ದರು. ನಾನೂ ಮಾಡಿದ್ದೇನೆ. ನಾಲ್ಕಾರು ತಿಂಗಳಿಗೊಮ್ಮೆ ಜೇಡವನ್ನು ಡಬ್ಬಿಯೊಳಗೆ ಹಾಕುವುದು, ಮಣ್ಣು ಎಸೆಯುವುದು, ಗಾಜು ಬಿಸಿನೀರಲ್ಲಿ ತೊಳೆಯುವುದು, ಹೊಸ ಮಣ್ಣು ತುಂಬುವುದು. ನಮಗೆ ಸಂತೋಷ, ಎಲ್ಲ ಹೊಸದು. ಜೇಡಕ್ಕೆ? ಅದು ತಿಂಗಳುಗಟ್ಟಲೆ ತೋಡಿದ ಬಿಲ ಹೋಯಿತು, ಗೋಡೆಗೆ ಹಚ್ಚಿದ ಬಲೆ ಹೋಯಿತು. ಅಮೆರಿಕ ಖಂಡದ ಜೇಡವಾದರೆ ಸಿಟ್ಟಿಗೆ ಹಿಂಗಾಲಿನಿಂದ ಹೊಟ್ಟೆಯ ರೋಮ ಕೆರೆದು ಗಾಳಿಗೆ ತೂರುತ್ತದೆ. ಆ ರೋಮ ಕೈಗೆ ತಾಗಿದರೆ ಎರಡು ದಿನ ತುರಿಕೆ. ಕಣ್ಣಿಗೆ ಹೋದರೆ ಆಸ್ಪತ್ರೆಗೇ ಹೋಗಬೇಕು. ಹೊಸ ಪೆಟ್ಟಿಗೆಯಲ್ಲಿ ಅದು ವಾರಗಟ್ಟಲೆ ಊಟ ಮಾಡದೆ ಕೂರುವುದೂ ಇದೆ. ಹೆಣ್ಣು ಟರಂಟುಲಾ ಇಪ್ಪತ್ತು ವರ್ಷ ಬದುಕುವ ಜೀವಿ. ವರ್ಷಕ್ಕೆ ಎರಡು ಸಲದಂತೆ ಅದರ ಮನೆ ಕೆಡವುತ್ತಾ ಹೋದರೆ ಲೆಕ್ಕ ಹಾಕಿ.

ಈಗ ಸ್ವಲ್ಪ ನಮ್ಮೂರಿಗೆ ಹೋಗಿಬರುತ್ತೇನೆ. ನಮ್ಮ ಮನೆಯ ಕೊಟ್ಟಿಗೆಯಲ್ಲಿ ಬೇಸಿಗೆಯಲ್ಲಿ ದರಕು ಹಾಸುತ್ತಿದ್ದರು. ದರಕು ಅಂದರೆ ಬೆಟ್ಟದಲ್ಲಿ ಗುಡಿಸಿ ತಂದ ಒಣ ಎಲೆ. ದನ ಅದರ ಮೇಲೆ ಮಲಗುತ್ತದೆ, ಸಗಣಿ ಹಾಕುತ್ತದೆ, ಗಂಜಲ ಹುಯ್ಯುತ್ತದೆ. ಎಲೆ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಆಮೇಲೆ ಅದನ್ನು ತೆಗೆದು ಗೊಬ್ಬರಗುಂಡಿಗೆ. ಕೆಲವು ತಿಂಗಳಲ್ಲಿ ಎಲೆ ಯಾವುದು, ಸಗಣಿ ಯಾವುದು ಅಂತ ಹೇಳಲಾಗದ ಕರಿ ಗೊಬ್ಬರ ಅಡಿಕೆ ತೋಟಕ್ಕೆ. ಚಿಕ್ಕವನಿದ್ದಾಗ ಗುಂಡಿಯ ಅಂಚಿನಲ್ಲಿ ಎಲೆ ಎತ್ತಿ ನೋಡುವುದು ನನ್ನ ಆಟ. ಎತ್ತಿದ ಕೂಡಲೇ ನೂರಾರು ಬಿಳಿ ಚುಕ್ಕೆ ಚಟಪಟ ಹಾರುತ್ತಿದ್ದವು. ಬೂದಿ ಬಣ್ಣದ ಹುಳ ಮುಟ್ಟಿದರೆ ಉಂಡೆಯಾಗುತ್ತಿತ್ತು. ಅದನ್ನು ನಾವು ಮಕ್ಕಳು ನಮ್ಮಷ್ಟಕ್ಕೆ ಉಂಡೆಹುಳ ಅನ್ನುತ್ತಿದ್ದೆವು. ಗೊಬ್ಬರ ಮಾಡುತ್ತಿದ್ದವರಲ್ಲಿ ಅವೂ ಇದ್ದವು ಅಂತ ಆಗ ಯಾರಿಗೆ ಗೊತ್ತು?

ಮೂವತ್ತು ವರ್ಷ ಆದಮೇಲೆ ಇಂಗ್ಲೆಂಡಿನಲ್ಲಿ ಅದೇ ಹುಳಗಳನ್ನು ದುಡ್ಡು ಕೊಟ್ಟು ಡಬ್ಬಿಯಲ್ಲಿ ತಂದೆ. ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇದನ್ನು ಮೊದಲು ಚೆನ್ನಾಗಿ ಬಳಸಿದವರು ಕಪ್ಪೆ ಸಾಕುವವರು. ದಕ್ಷಿಣ ಅಮೆರಿಕದ ಬಣ್ಣದ ವಿಷಕಪ್ಪೆಗಳ ಪೆಟ್ಟಿಗೆಯಲ್ಲಿ ಯಾವಾಗಲೂ ತೇವ, ಎಲೆ, ಗಿಡ. ಅಲ್ಲಿ ಈ ಹುಳಗಳು ಕಸವನ್ನೂ ತಿಂದವು, ಕಪ್ಪೆಗೆ ತಿಂಡಿಯೂ ಆದವು. ಅದನ್ನು ನೋಡಿ ಹಲ್ಲಿ, ಹಾವು ಸಾಕುವವರು ಕಲಿತರು. ಜೇಡದವರು ಬಂದದ್ದು ಆಮೇಲೆ. ಇದಕ್ಕೆ ಬಯೋಆಕ್ಟಿವ್ ಅಂತ ದೊಡ್ಡ ಹೆಸರು ಇಟ್ಟು ಮಾರುತ್ತಾರೆ. ನನಗೆ ಅದು ಕೊಟ್ಟಿಗೆ ನೆಲವೇ.

ಪಡೆಯಲ್ಲಿ ಎರಡು ಬಗೆ. ಒಂದು ಸ್ಪ್ರಿಂಗ್‌ಟೇಲ್, ಇನ್ನೊಂದು ಐಸೊಪಾಡ್.

ಸ್ಪ್ರಿಂಗ್‌ಟೇಲ್ ಅಂದರೆ ಆಗ ಹೇಳಿದೆನಲ್ಲ, ಚಟಪಟ ಹಾರುವ ಬಿಳಿ ಚುಕ್ಕೆ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಜಾತಿ ಫೋಲ್ಸೋಮಿಯಾ ಕ್ಯಾಂಡಿಡಾ. ಉದ್ದ ಜಾಸ್ತಿ ಅಂದರೆ 3 ಮಿಲಿಮೀಟರ್. ಆರು ಕಾಲಿದೆ, ಆದರೂ ಈಗಿನ ವಿಜ್ಞಾನಿಗಳು ಇದನ್ನು ಕೀಟಗಳ ಗುಂಪಿಗೆ ಸೇರಿಸುವುದಿಲ್ಲ. ಬಾಯಿಯ ಭಾಗಗಳು ತಲೆಯ ಒಳಗೇ ಇವೆ. ಹೊಟ್ಟೆಯ ಅಡಿಯಲ್ಲಿ ಕವಲಿನ ಹಾಗೆ ಒಂದು ಬಾಲ ಮಡಚಿ ಕೊಂಡಿ ಹಾಕಿಕೊಂಡಿರುತ್ತದೆ. ಕೊಂಡಿ ಬಿಟ್ಟರೆ ಬಾಲ ನೆಲಕ್ಕೆ ಬಡಿಯುತ್ತದೆ, ಪ್ರಾಣಿ ಗಾಳಿಗೆ ಹಾರುತ್ತದೆ. ಎಲ್ಲಿ ಬೀಳುತ್ತೇನೆ ಅನ್ನುವ ಲೆಕ್ಕ ಪಾಪ ಅದಕ್ಕಿಲ್ಲ. ಈ ಜಾತಿಗೆ ಕಣ್ಣೂ ಇಲ್ಲ, ಗಂಡೂ ಬೇಡ. ಹೆಣ್ಣುಗಳೇ ಮೊಟ್ಟೆ ಇಟ್ಟು ಹೆಣ್ಣುಗಳನ್ನೇ ಹೆರುತ್ತವೆ. ಇವುಗಳ ವಂಶ ಎಷ್ಟು ಹಳೆಯದು ಅಂದರೆ, ಸ್ಕಾಟ್ಲೆಂಡಿನ ರೈನೀ ಅನ್ನುವ ಹಳ್ಳಿಯ ಹತ್ತಿರದ ಕಲ್ಲಿನಲ್ಲಿ ಸುಮಾರು 40 ಕೋಟಿ ವರ್ಷ ಹಿಂದಿನ ಸ್ಪ್ರಿಂಗ್‌ಟೇಲ್ ಸಿಕ್ಕಿದೆ. ಡೈನೋಸಾರ್ ಬಂದದ್ದು ಎಷ್ಟೋ ಆಮೇಲೆ.

ಇವು ತಿನ್ನುವುದು ಬೂಷ್ಟು. ಬೂಷ್ಟಿನ ಎಳೆ, ಅದರ ಬೀಜಕಣ, ಕೊಳೆಯುತ್ತಿರುವ ಎಲೆಯ ಮೇಲಿನ ಲೋಳೆ. ಬೋಲಸ್ ಬಿದ್ದ ದಿನ ಬಿಳಿ ರೋಮ ಹುಟ್ಟುವ ಮೊದಲೇ ಮೇಯಲು ಶುರು ಮಾಡುತ್ತವೆ. ನಾನು ಒಂದು ಸಲ ಪರೀಕ್ಷೆಗೆ ಒಂದೇ ರೀತಿಯ ಎರಡು ಡಬ್ಬಿಯಲ್ಲಿ ಒದ್ದೆ ತೆಂಗಿನ ನಾರಿನ ಪುಡಿ ಹಾಕಿ, ಎರಡಕ್ಕೂ ಒಂದೊಂದು ಸತ್ತ ಕ್ರಿಕೆಟ್ ಹುಳ ಹಾಕಿದೆ. ಒಂದಕ್ಕೆ ಮಾತ್ರ ಸ್ಪ್ರಿಂಗ್‌ಟೇಲ್. ಐದನೇ ದಿನಕ್ಕೆ ಬರಿ ಡಬ್ಬಿಯದು ಹತ್ತಿ ಉಂಡೆಯಾಗಿತ್ತು. ಇನ್ನೊಂದರಲ್ಲಿ ಹುಳದ ಮೇಲೆ ಬಿಳಿ ಚುಕ್ಕೆಗಳ ಜಾತ್ರೆ, ರೋಮ ಇಲ್ಲ. ಮಗಳು ಶಾಲೆಗೆ ಇದನ್ನೇ ಒಯ್ದಳು. ಟೀಚರಿಗೆ ಬಹಳ ಖುಷಿಯಾಯಿತಂತೆ. ಊಟದ ಹೊತ್ತಿಗೆ ಮುಂಚೆ ತೋರಿಸಿದ್ದಕ್ಕೆ ಉಳಿದ ಮಕ್ಕಳಿಗೆ ಅಷ್ಟು ಆಗಲಿಲ್ಲ.

ಈ ಫೋಲ್ಸೋಮಿಯಾಕ್ಕೆ ಇನ್ನೊಂದು ಕೆಲಸವೂ ಇದೆ. ಮಣ್ಣಿನಲ್ಲಿ ವಿಷ ಇದೆಯಾ ಅಂತ ನೋಡಲು ಪ್ರಯೋಗಾಲಯಗಳಲ್ಲಿ ಇದನ್ನು ಬಿಡುತ್ತಾರೆ. ಎಷ್ಟು ಮರಿಯಾಯಿತು ಅಂತ ಎಣಿಸುತ್ತಾರೆ. ಅದಕ್ಕೆ ಅಂತರರಾಷ್ಟ್ರೀಯ ಮಾನದಂಡವೇ ಇದೆ, ಐಎಸ್‌ಒ 11267. ಅಂದರೆ ವಿಷ ತಾಗಿದರೆ ಇವು ಬೇಗ ತೋರಿಸಿಕೊಡುತ್ತವೆ. ನಮಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ಜೇಡ ಇರುವ ರೂಮಿನಲ್ಲಿ ಸೊಳ್ಳೆ ಸ್ಪ್ರೇ, ನಾಯಿಯ ಚಿಗಟದ ಔಷಧಿ ಇಂಥದ್ದು ಬೇಡ. ಜೇಡಕ್ಕೂ ಅದೇ ವಿಷ. ಪೆಟ್ಟಿಗೆಯ ಸ್ಪ್ರಿಂಗ್‌ಟೇಲ್ ಎಲ್ಲ ಒಮ್ಮೆಲೇ ಸತ್ತರೆ ಜೇಡವನ್ನು ಕೂಡಲೇ ಬೇರೆ ಕಡೆಗೆ ಒಯ್ಯಿರಿ, ಆಮೇಲೆ ಕಾರಣ ಹುಡುಕಿ.

ನುಸಿಗೂ ಸ್ಪ್ರಿಂಗ್‌ಟೇಲಿಗೂ ವ್ಯತ್ಯಾಸ ಗೊತ್ತಾಗದೆ ಹೆದರುವವರು ಬಹಳ. ಫೋನಿನ ಕ್ಯಾಮರಾ ದೊಡ್ಡದು ಮಾಡಿ ನೋಡಿ. ಉದ್ದಕ್ಕೆ ಇದ್ದು, ತಲೆಯಲ್ಲಿ ಎರಡು ಮೀಸೆ ಇದ್ದು, ಊದಿದರೆ ಹಾರಿದರೆ ಸ್ಪ್ರಿಂಗ್‌ಟೇಲ್. ಸಾಬಕ್ಕಿಯ ಹಾಗೆ ಗುಂಡಗಿದ್ದು, ಮೀಸೆ ಇಲ್ಲದೆ, ನಿಧಾನಕ್ಕೆ ತೆವಳಿದರೆ ನುಸಿ. ಸ್ಪ್ರಿಂಗ್‌ಟೇಲ್ ನುಸಿಯನ್ನು ಹಿಡಿದು ತಿನ್ನುವುದಿಲ್ಲ, ಅದರ ಊಟ ಕಸಿಯುತ್ತದೆ. ನುಸಿ ಆಗಲೇ ತುಂಬಿಹೋಗಿದ್ದರೆ ಮಣ್ಣು ಬದಲಿಸದೆ ಬೇರೆ ದಾರಿಯಿಲ್ಲ.

ಇನ್ನು ಐಸೊಪಾಡ್, ಆಗ ಹೇಳಿದ ಉಂಡೆಹುಳದಂಥದ್ದು. ಇದು ಸಿಗಡಿ, ಏಡಿಗಳ ಬಳಗ. ಸಮುದ್ರ ಬಿಟ್ಟು ನೆಲಕ್ಕೆ ಬಂದರೂ ಉಸಿರಾಟ ಹೊಟ್ಟೆಯಡಿಯ ಕಿವಿರಿನಂಥ ಭಾಗಗಳಿಂದಲೇ. ಅದು ಒಣಗಿದರೆ ಪ್ರಾಣಿ ಸಾಯುತ್ತದೆ. ಏಳು ಜೊತೆ ಕಾಲು. ತಾಯಿ ಮೊಟ್ಟೆಗಳನ್ನು ಹೊಟ್ಟೆಯಡಿಯ ಚೀಲದಲ್ಲಿ ಹೊತ್ತು ತಿರುಗುತ್ತದೆ. ಮರಿ ಹೊರಬಂದಾಗ ಅದಕ್ಕೆ ಆರೇ ಜೊತೆ, ಏಳನೆಯದು ಆಮೇಲೆ ಮೂಡುತ್ತದೆ. ಪೊರೆ ಬಿಡುವುದೂ ವಿಚಿತ್ರ. ಮೊದಲು ಹಿಂದಿನ ಅರ್ಧ, ಕೆಲ ದಿನ ಕಳೆದು ಮುಂದಿನ ಅರ್ಧ. ಲಂಗ ಬದಲಿಸಿ ರವಿಕೆ ಆಮೇಲೆ ಬದಲಿಸಿದ ಹಾಗೆ. ಅರ್ಧ ಬಿಳಿ, ಅರ್ಧ ಬೂದಿ ಬಣ್ಣದ ಹುಳ ಕಂಡರೆ ಕಾಯಿಲೆ ಅಂತ ಎಸೆಯಬೇಡಿ.

ಇಂಗ್ಲೆಂಡಿನಲ್ಲಿ ಇದಕ್ಕೆ ಇರುವಷ್ಟು ಹೆಸರು ನಮ್ಮಲ್ಲಿ ಹಲಸಿನ ಹಣ್ಣಿಗೂ ಇರಲಿಕ್ಕಿಲ್ಲ. ಪುಸ್ತಕದ ಹೆಸರು ವುಡ್‌ಲೌಸ್. ಸ್ಕಾಟ್ಲೆಂಡಿನಲ್ಲಿ ಸ್ಲೇಟರ್. ಡೆವನ್ ಕಡೆ ಚಗ್ಗಿಪಿಗ್. ಕೆಂಟ್‌ನಲ್ಲಿ ಮಂಕಿಪೀ. ನಮ್ಮ ರೆಡಿಂಗ್ ಸುತ್ತಮುತ್ತ ಹಳಬರು ಚೀಸ್‌ಲಾಗ್ ಅನ್ನುತ್ತಾರೆ. ನಮ್ಮ ಪಕ್ಕದ ಮನೆಯ ಅಜ್ಜಿ ಬೇಲಿಯ ಆಚೆಯಿಂದ "ಚೀಸ್‌ಲಾಗ್ ಬೇಕಾ, ನನ್ನ ಹೂಕುಂಡದ ಕೆಳಗೆ ಬುಟ್ಟಿ ತುಂಬ ಇವೆ" ಅಂದಾಗ ನಾನು ತಿನ್ನುವ ವಸ್ತು ಅಂದುಕೊಂಡು ಸಂಕೋಚದಿಂದ ಬೇಡ ಅಂದೆ.

ಬೇಡ ಅಂದದ್ದು ಒಳ್ಳೆಯದೇ ಆಯಿತು. ತೋಟದ ಹುಳ ತಂದು ನೇರವಾಗಿ ಪೆಟ್ಟಿಗೆಗೆ ಹಾಕುವುದು ಸರಿಯಲ್ಲ. ಪಕ್ಕದವರು ಬಸವನಹುಳಕ್ಕೆ ಯಾವ ಮದ್ದು ಹಾಕಿದ್ದಾರೋ ನಮಗೆ ಗೊತ್ತಿರುವುದಿಲ್ಲ. ಇನ್ನೊಂದು ಕಾರಣ ನನ್ನ ಮಗಳು ಕಂಡುಹಿಡಿದದ್ದು. ಒಂದು ದಿನ ಹೊಳೆಯುವ ನೇರಳೆ ಬಣ್ಣದ ವುಡ್‌ಲೌಸ್ ತಂದಳು, ಕಲ್ಲಿನ ಓಲೆಯ ಹಾಗೆ ಮಿನುಗುತ್ತಿತ್ತು. ಅಪರೂಪದ ಜಾತಿ ಅಂತ ಕುಣಿದಳು. ಅದು ಜಾತಿ ಅಲ್ಲ, ವೈರಸ್. ಇರಿಡೋವೈರಸ್ ತಗುಲಿದರೆ ಒಳಗೆ ವೈರಸ್ ಕಣಗಳು ಒತ್ತೊತ್ತಾಗಿ ಜೋಡಣೆಯಾಗಿ ಬೆಳಕು ನೇರಳೆಯಾಗಿ ಕಾಣುತ್ತದೆ. ಅಷ್ಟು ಚೆಂದ ಆದಮೇಲೆ ಆ ಹುಳ ಬದುಕುವುದು ಸ್ವಲ್ಪ ದಿನ.

ಐಸೊಪಾಡಿನಲ್ಲಿ ನಾನು ಜೇಡದ ಜೊತೆ ಬಿಡುವುದು ಒಂದೇ ಜಾತಿ. ಟ್ರೈಕೊರೈನಾ ಟೊಮೆಂಟೋಸಾ, ಅಂಗಡಿಯವರ ಬಾಯಲ್ಲಿ ಡ್ವಾರ್ಫ್ ವೈಟ್. ಅಕ್ಕಿ ನುಚ್ಚಿನ ಗಾತ್ರ, ಬಿಳಿ ಬಣ್ಣ. ಮಣ್ಣಿನ ಒಳಗೇ ಇರುತ್ತದೆ. ಇದಕ್ಕೂ ಗಂಡು ಬೇಡ, ಹಾಗಾಗಿ ಹತ್ತು ಬಿಟ್ಟರೆ ಸಾಕು. ಬೇರೆ ಜಾತಿ ಯಾಕಿಲ್ಲ ಅಂದರೆ, ನಾನು ಒಂದು ಸಲ ಮಾಡಿದ ತಪ್ಪಿನಿಂದ.

ನನ್ನ ಹತ್ತಿರ ಲಾಸಿಯೋಡೋರಾ ಪರಾಹೈಬಾನಾ ಇದೆ. ಬ್ರೆಜಿಲಿನ ಈಶಾನ್ಯ ಭಾಗದ ಜೇಡ, ಬೆಳೆದರೆ ಊಟದ ತಟ್ಟೆಯಷ್ಟು. ಹೊಟ್ಟೆಬಾಕ. ಕಸವೂ ಜಾಸ್ತಿ. ಸಣ್ಣ ಹುಳ ಸಾಲದು ಅಂತ ನಾನು ಪೋರ್ಸೆಲಿಯೋ ಲೀವಿಸ್ ಅನ್ನುವ ದೊಡ್ಡ ಐಸೊಪಾಡ್ ಇಪ್ಪತ್ತು ಬಿಟ್ಟೆ. ಚುರುಕಾದ ಹುಳ, ಏನು ಹಾಕಿದರೂ ಒಂದು ರಾತ್ರಿಯಲ್ಲಿ ಖಾಲಿ. ನಾಲ್ಕು ತಿಂಗಳಲ್ಲಿ ಇಪ್ಪತ್ತು ಇದ್ದದ್ದು ಇನ್ನೂರಾಯಿತು. ನಾನು ಹೆಮ್ಮೆಯಿಂದ ಎಲ್ಲರಿಗೂ ಫೋಟೋ ಕಳಿಸುತ್ತಿದ್ದೆ.

ಆಗ ಜೇಡ ಊಟ ನಿಲ್ಲಿಸಿತು. ಪೊರೆ ಬಿಡುವ ಮುಂಚೆ ಹಾಗೆಯೇ, ಐದಾರು ವಾರ ಏನೂ ತಿನ್ನಲಿಲ್ಲ. ಅದು ತಿನ್ನದಿದ್ದರೆ ಪೆಟ್ಟಿಗೆಗೆ ಮಾಂಸ ಬೀಳುವುದೂ ನಿಂತಿತು ಅಂತ ನನಗೆ ಹೊಳೆಯಲೇ ಇಲ್ಲ. ಇನ್ನೂರು ಹಸಿದ ಬಾಯಿ. ಒಂದು ರಾತ್ರಿ ಜೇಡ ಬೆನ್ನಡಿಯಾಗಿ ಮಲಗಿ ಪೊರೆ ಬಿಟ್ಟಿತು. ಆ ಹೊತ್ತಿಗೆ ಟರಂಟುಲಾ ಮೈ ಬೆಣ್ಣೆಯ ಹಾಗೆ ಮೆತ್ತಗೆ. ಕೋರೆ ಕೂಡ ಬೆಳ್ಳಗೆ, ಕಚ್ಚಲು ಆಗುವುದಿಲ್ಲ, ಓಡಲು ಆಗುವುದಿಲ್ಲ. ಬೆಳಿಗ್ಗೆ ನೋಡಿದರೆ ಎರಡು ಹಿಂಗಾಲಿನ ತುದಿಯಲ್ಲಿ ಹುಳಗಳ ಗುಂಪು. ಒಂದು ಕಾಲು ಅರ್ಧ ಇರಲಿಲ್ಲ. ಇನ್ನೊಂದರ ತುದಿಯಿಂದ ತಿಳಿ ನೀಲಿ ರಕ್ತ ಜಿನುಗುತ್ತಿತ್ತು. ಕುಂಚದಿಂದ ಒಂದೊಂದೇ ಹುಳ ತೆಗೆದೆ. ಕೈ ನಡುಗುತ್ತಿತ್ತು, ಯಾಕೆಂದರೆ ಆ ಮೆತ್ತಗಿನ ಮೈಗೆ ಕುಂಚ ತಾಗಿದರೂ ಅಪಾಯ.

ಜೇಡ ಬದುಕಿತು. ಮುಂದಿನ ಪೊರೆಗೆ ಸಣ್ಣ ಕಾಲು ಚಿಗುರಿತು, ಅದರ ಮುಂದಿನದಕ್ಕೆ ಸರಿಯಾಯಿತು. ಈಗ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಗೊತ್ತಾಗುತ್ತದೆ.

ಎಲ್ಲ ಪೋರ್ಸೆಲಿಯೋ ಹೀಗೆ ಮಾಡುತ್ತದೆ ಅಂತ ನಾನು ಹೇಳುವುದಿಲ್ಲ. ಎಷ್ಟೋ ಜನ ಇಟ್ಟಿದ್ದಾರೆ, ತೊಂದರೆಯಾಗಿಲ್ಲ ಅನ್ನುತ್ತಾರೆ. ಆದರೆ ನಾವು ಬಿಡುವುದು ಎಲೆ ತಿನ್ನುವ ಹುಳ ಅಂತ ಅಂದುಕೊಂಡು. ಅದು ಮಾಂಸ ಸಿಕ್ಕರೆ ಮಾಂಸವನ್ನೂ ತಿನ್ನುತ್ತದೆ. ಸತ್ತದ್ದು, ಮೆತ್ತಗಿದ್ದು ಅಲ್ಲಾಡದ್ದು, ಎರಡೂ ಅದಕ್ಕೆ ಒಂದೇ. ಹಾಗೆ ನೋಡಿದರೆ ತಿನ್ನಲಿ ಅಂತ ಬಿಟ್ಟ ಕ್ರಿಕೆಟ್ ಹುಳವೂ ಪೊರೆ ಬಿಡುವ ಜೇಡವನ್ನು ಕಚ್ಚುತ್ತದೆ. ಇದು ಟರಂಟುಲಾ ಸಾಕುವವರೆಲ್ಲ ಮೊದಲ ವರ್ಷವೇ ಕಲಿಯುವ ಪಾಠ. ನಾನು ಐಸೊಪಾಡಿಗೆ ಅದನ್ನು ಅನ್ವಯಿಸಲಿಲ್ಲ, ಅಷ್ಟೇ.

ಈಗ ಆ ನಾಲ್ಕು ಪೆಟ್ಟಿಗೆಯ ವಿಷಯ. ಅವು ಒಣ ಪೆಟ್ಟಿಗೆಗಳು. ಮೆಕ್ಸಿಕೋದ ಕೆಂಪು ಮಂಡಿಯ ಬ್ರಾಕಿಪೆಲ್ಮಾ, ಅದರ ನೆಂಟರು. ಒಣ ಮಣ್ಣು, ಒಂದು ಬಟ್ಟಲು ನೀರು, ಸಾಕು. ಅಲ್ಲಿ ಸ್ಪ್ರಿಂಗ್‌ಟೇಲ್ ಬಿಟ್ಟರೆ ಒಂದು ವಾರದಲ್ಲಿ ಒಣಗಿ ಪುಡಿ. ಹುಳ ಬದುಕಲಿ ಅಂತ ಜನ ನೀರು ಹಾಕಲು ಶುರು ಮಾಡುತ್ತಾರೆ. ಆಗ ಜೇಡಕ್ಕೆ ಹಿಂಸೆ. ಒದ್ದೆ ನೆಲ ಇಷ್ಟವಿಲ್ಲದ ಜೇಡ ಗಾಜಿನ ಮೇಲೆ ಹತ್ತಿ ಕೂರುತ್ತದೆ. ಅಲ್ಲಿಂದ ಬಿದ್ದರೆ ಹೊಟ್ಟೆ ಒಡೆಯುತ್ತದೆ. ಕಸದವನಿಗೋಸ್ಕರ ಮನೆಯವನನ್ನು ಓಡಿಸಿದ ಹಾಗಾಯಿತು, ಅಲ್ವಾ? ಒಣ ಪೆಟ್ಟಿಗೆಯಲ್ಲಿ ಬೂಷ್ಟು ಬರುವುದೂ ಕಡಿಮೆ. ವಾರಕ್ಕೊಮ್ಮೆ ಉದ್ದ ಚಿಮಟದಿಂದ ಬೋಲಸ್ ತೆಗೆದರೆ ಮುಗಿಯಿತು.

ಈ ಪಡೆ ಬೇಕಾಗುವುದು ತೇವ ಬೇಕಾದ ಜೇಡಗಳಿಗೆ. ದಕ್ಷಿಣ ಅಮೆರಿಕದ ದೈತ್ಯ ಥೆರಫೋಸಾ ಬ್ಲಾಂಡಿ ಇದಕ್ಕೆ ಒಳ್ಳೆಯ ಉದಾಹರಣೆ. ಬಿಲದಲ್ಲಿ ಆಳಕ್ಕೆ ಇರುವ ಏಷ್ಯಾದ ಜಾತಿಗಳೂ ಹೌದು. ಅವುಗಳ ಬಿಲದೊಳಗೆ ನಮ್ಮ ಚಿಮಟ ಹೋಗುವುದಿಲ್ಲ. ಹೋದರೂ ಅವು ಬಿಡುವುದಿಲ್ಲ.

ಪೆಟ್ಟಿಗೆ ಸಿದ್ಧ ಮಾಡುವುದು ಹೀಗೆ. ತೆಂಗಿನ ನಾರಿನ ಪುಡಿ, ಗೊಬ್ಬರ ಹಾಕದ ಬರಿ ತೋಟದ ಮಣ್ಣು, ಎರಡೂ ಸಮ. ಕಾಲು ಅಡಿಗೆ ಕಡಿಮೆ ಇಲ್ಲದಷ್ಟು ಆಳ. ಮೇಲೆ ಪಾರ್ಕಿನಿಂದ ತಂದ ಓಕ್ ಅಥವಾ ಬೀಚ್ ಮರದ ಒಣ ಎಲೆ, ಕುದಿಯುವ ನೀರಿನಲ್ಲಿ ಅದ್ದಿ ತೆಗೆದದ್ದು. ನೀರನ್ನು ಮೇಲಿಂದ ಚಿಮುಕಿಸಬೇಡಿ. ಒಂದು ಮೂಲೆಯಲ್ಲಿ ನಿಧಾನಕ್ಕೆ ಹುಯ್ಯಿರಿ, ಅದು ಅಡಿಗೆ ಇಳಿಯಲಿ. ಮೇಲೆ ಒಣ, ಕೆಳಗೆ ಹಸಿ. ಹುಳ ಕೆಳಗೆ ಇರುತ್ತವೆ, ಜೇಡಕ್ಕೆ ಬೇಕಾದ ಕಡೆ ಜೇಡ ಇರುತ್ತದೆ. ಮುಚ್ಚಳದಲ್ಲೂ ಪಕ್ಕದಲ್ಲೂ ತೂತು ಇರಲಿ. ಗಾಳಿಯಾಡದ ಪೆಟ್ಟಿಗೆಯನ್ನು ಯಾವ ಹುಳವೂ ಕಾಪಾಡುವುದಿಲ್ಲ. ಹುಳ ಬಿಟ್ಟು ಒಂದು ತಿಂಗಳು ಕಾದು ಆಮೇಲೆ ಜೇಡ ಬಿಟ್ಟರೆ ಇನ್ನೂ ಒಳ್ಳೆಯದು. ನನಗೆ ಯಾವತ್ತೂ ಅಷ್ಟು ತಾಳ್ಮೆ ಇರಲಿಲ್ಲ. ಐಸೊಪಾಡಿಗೆ ಸುಣ್ಣದ ಅಂಶ ಬೇಕು. ಕಟಲ್‌ಫಿಶ್ ಮೂಳೆಯ ಒಂದು ತುಂಡು ಇಡಿ. ಊರಲ್ಲಿ ಗ್ರಂಧಿಗೆ ಅಂಗಡಿಯಲ್ಲಿ ಕಡಲ ನೊರೆ ಅಂತ ಮಾರುತ್ತಾರಲ್ಲ, ಅದೇ.

ಇವು ಮಾಡದ ಕೆಲಸವೂ ಇದೆ. ಜೇಡ ಗಾಜಿನ ಮೇಲೆ ಹಾರಿಸುವ ಬಿಳಿ ಹಿಕ್ಕೆಯನ್ನು ಯಾವ ಹುಳವೂ ನೆಕ್ಕುವುದಿಲ್ಲ, ಒದ್ದೆ ಬಟ್ಟೆ ನಿಮ್ಮದೇ. ನೀರಿನ ಬಟ್ಟಲೂ ನಿಮ್ಮದೇ. ಜೇಡ ಮುಟ್ಟದ ದೊಡ್ಡ ಜಿರಲೆ ಸತ್ತು ಬಿದ್ದಿದ್ದರೆ ತೆಗೆಯಿರಿ. ನಮ್ಮ ಅಜ್ಜ ದರಕು ಹಾಸಿದ್ದೇವೆ ಅಂತ ಸಗಣಿ ಬಾಚುವುದನ್ನು ಬಿಟ್ಟಿರಲಿಲ್ಲ.

ಜೇಡ ಈ ಹುಳಗಳನ್ನು ತಿನ್ನುವುದಿಲ್ವಾ ಅಂತ ಒಬ್ಬರು ಕೇಳಿದರು. ದೊಡ್ಡ ಜೇಡಕ್ಕೆ ಸ್ಪ್ರಿಂಗ್‌ಟೇಲ್ ಕಣ್ಣಿಗೆ ಬೀಳುವುದೇ ಇಲ್ಲ, ನಮಗೆ ಧೂಳು ಇದ್ದ ಹಾಗೆ. ತೀರಾ ಸಣ್ಣ ಮರಿಜೇಡಗಳು ತಿನ್ನುತ್ತವೆ, ಅದು ಲಾಭವೇ. ಐಸೊಪಾಡನ್ನು ಹೆಚ್ಚಿನ ಟರಂಟುಲಾ ಒಮ್ಮೆ ಮುಟ್ಟಿ ನೋಡಿ ಬಿಡುತ್ತವೆ. ಐಸೊಪಾಡನ್ನೇ ಬೇಟೆಯಾಡುವ ಜೇಡವೂ ಇದೆ, ಆದರೆ ಅದು ಟರಂಟುಲಾ ಅಲ್ಲ. ಡಿಸ್ಡೆರಾ ಕ್ರೊಕೇಟಾ ಅಂತ ಹೆಸರು, ಕೆಂಪು ತಲೆ, ಮೈಗೆ ಹೊಂದದಷ್ಟು ದೊಡ್ಡ ಕೋರೆ. ಈ ಊರಿನ ಯಾವುದೇ ತೋಟದಲ್ಲಿ ಹಳೇ ಇಟ್ಟಿಗೆ ಎತ್ತಿದರೆ ಸಿಗಬಹುದು. ಕೈ ಹಾಕಬೇಡಿ, ಕಚ್ಚಿದರೆ ನೋಯುತ್ತದೆ.

ಕಾಡಿನಲ್ಲಿ ಜೇಡ ಒಂಟಿ ಅಂತ ನಾವು ಅಂದುಕೊಳ್ಳುತ್ತೇವೆ. ಪೆರುವಿನ ಕಾಡಿನಲ್ಲಿ ಝೆನೆಸ್ತಿಸ್ ಇಮ್ಮಾನಿಸ್ ಅನ್ನುವ ದೊಡ್ಡ ಟರಂಟುಲಾದ ಬಿಲದಲ್ಲಿ ಒಂದು ಚಿಕ್ಕ ಕಪ್ಪೆ ವಾಸ ಮಾಡುತ್ತದೆ. 1989ರಲ್ಲಿ ಇದರ ಬಗ್ಗೆ ಸಂಶೋಧಕರು ಬರೆದರು. ಜೇಡ ಕಪ್ಪೆಯನ್ನು ಹಿಡಿಯುತ್ತದೆ, ಬಾಯಿಯ ಹತ್ತಿರ ತಂದು ಪರೀಕ್ಷೆ ಮಾಡುತ್ತದೆ, ಏನೂ ಮಾಡದೆ ಬಿಡುತ್ತದೆ. ಕಪ್ಪೆ ಇರುವೆ ತಿನ್ನುವುದರಿಂದ ಜೇಡದ ಮೊಟ್ಟೆಗೆ ರಕ್ಷಣೆ ಸಿಗುತ್ತದೆ ಅನ್ನುವುದು ಒಂದು ಊಹೆ. ಶ್ರೀಲಂಕಾದಲ್ಲೂ ಮರದ ಪೊಟರೆಯಲ್ಲಿ ಪೊಸಿಲೋಥೀರಿಯಾ ಜೇಡದ ಜೊತೆ ಸಣ್ಣ ಕಪ್ಪೆ ಇರುವುದನ್ನು ನೋಡಿದ್ದಾರೆ. ದಯವಿಟ್ಟು ಇದನ್ನು ಕೇಳಿ ಯಾರೂ ಕಪ್ಪೆ ತರಬೇಡಿ. ಪೆಟ್ಟಿಗೆ ಅಷ್ಟು ದೊಡ್ಡದಲ್ಲ.

ಪೊಸಿಲೋಥೀರಿಯಾ ನಮ್ಮ ಪಶ್ಚಿಮ ಘಟ್ಟದಲ್ಲೂ ಇರುವ ಟರಂಟುಲಾ, ಹಾಗಾಗಿ ಅದರ ಹೆಸರು ಎತ್ತಿದಕೂಡಲೇ ಊರಿನ ಪ್ರಶ್ನೆ ಬರುತ್ತದೆ. ಹೋದ ಸಲ ಊರಿಗೆ ಹೋದಾಗ ಪರಿಚಯದ ಹುಡುಗನೊಬ್ಬ "ಅಣ್ಣ, ನಮ್ಮ ಬೆಟ್ಟದಲ್ಲೇ ಸಿಗ್ತವಲ್ಲ, ಒಂದು ಹಿಡಿದು ಸಾಕಲಾ?" ಅಂದ. ಬೇಡ ಮಾರಾಯ ಅಂದೆ. ಪಶ್ಚಿಮ ಘಟ್ಟದ ಟರಂಟುಲಾಗಳು ಹಳೇ ಮರದ ಪೊಟರೆ, ದರೆಯ ಬಿಲ ಇಂಥ ಜಾಗ ನಂಬಿಕೊಂಡಿವೆ. ಬೆಳೆಯುವುದು ನಿಧಾನ. ಒಂದು ದರೆಯಿಂದ ನಾಲ್ಕು ಹೆಣ್ಣು ಎತ್ತಿದರೆ ಅಲ್ಲಿ ಮತ್ತೆ ತುಂಬಲು ವರ್ಷಗಳು ಬೇಕು. ಅಪಾಯದಲ್ಲಿರುವ ಕಾಡುಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೈಟಿಸ್ ಅನ್ನುತ್ತಾರೆ. 2019ರಲ್ಲಿ ಜಿನೀವಾದಲ್ಲಿ ನಡೆದ ಅದರ ಸಭೆಯಲ್ಲಿ ಪೊಸಿಲೋಥೀರಿಯಾ ಕುಲವನ್ನು ಪೂರ್ತಿಯಾಗಿ ಎರಡನೇ ಪಟ್ಟಿಗೆ ಸೇರಿಸಿದರು. ಅಂದರೆ ದೇಶದಿಂದ ದೇಶಕ್ಕೆ ಮಾರಲು ಪರವಾನಗಿ ಬೇಕು. ಭಾರತದ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯಲ್ಲಿ ಸೈಟಿಸ್ ಪಟ್ಟಿಯ ಪ್ರಾಣಿಗಳಿಗೆ ಬೇರೆ ಅನುಸೂಚಿಯೇ ಬಂದಿದೆ. ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. ಆ ಹುಡುಗನಿಗೆ ನಾನು ಹೇಳಿದ್ದು, ಗೊಬ್ಬರಗುಂಡಿಯ ಅಂಚಿನ ಎಲೆ ಎತ್ತಿ ನೋಡು, ಭೂತಗನ್ನಡಿ ನಾನು ಕಳಿಸುತ್ತೇನೆ ಅಂತ. ಕಳಿಸಿದ್ದ ಭೂತಗನ್ನಡಿಯಲ್ಲಿ ಈಗ ಅವನ ತಂಗಿ ಇರುವೆ ನೋಡುತ್ತಾಳಂತೆ.

ಇಲ್ಲಿಯ ಕಾನೂನೂ ಒಂದು ಮಾತು. ಈ ದೇಶದ್ದಲ್ಲದ ಪ್ರಾಣಿಯನ್ನು ಹೊರಗೆ ಬಿಡುವುದು ಬ್ರಿಟನ್ನಿನ 1981ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಡ್ವಾರ್ಫ್ ವೈಟ್ ಅಮೆರಿಕದ ಉಷ್ಣವಲಯದ ಹುಳ. ಹಾಗಾಗಿ ಹಳೇ ಮಣ್ಣನ್ನು ತೋಟಕ್ಕೆ ಸುರಿಯಬೇಡಿ. ನಾನು ಚೀಲದಲ್ಲಿ ಕಟ್ಟಿ ಎರಡು ಮೂರು ದಿನ ಫ್ರೀಜರಿನಲ್ಲಿ ಇಟ್ಟು ಆಮೇಲೆ ಎಸೆಯುತ್ತೇನೆ. ಚೀಲದ ಮೇಲೆ ದೊಡ್ಡದಾಗಿ ಬರೆಯಿರಿ. ನಮ್ಮ ಮನೆಯಲ್ಲಿ ಒಂದು ಸಲ ಅದನ್ನು ತುರಿದ ತೆಂಗಿನಕಾಯಿ ಪಕ್ಕದಲ್ಲಿ ಇಟ್ಟಿದ್ದಕ್ಕೆ ಬಹಳ ಚರ್ಚೆಯಾಯಿತು.

ಕೊನೆಗೆ, ಬಾಗಿಲ ಹತ್ತಿರ ಮೇಜಿನ ಮೇಲೆ ಹದಿನಾಲ್ಕು ಡಬ್ಬಿ ಇಟ್ಟಿದ್ದೇನೆ. ಜೇಡ ಸಾಕುವವರು ಒಂದೊಂದು ತೆಗೆದುಕೊಂಡು ಹೋಗಿ. ಒಳಗೆ ಇದ್ದಿಲು, ಅಡಿಯಲ್ಲಿ ಎರಡು ಬೆರಳು ನೀರು, ಇದ್ದಿಲ ಮೇಲೆ ಸ್ಪ್ರಿಂಗ್‌ಟೇಲ್. ನೀವೇ ಹೊಸ ಡಬ್ಬಿ ಮಾಡುವುದಾದರೆ ಬಾರ್ಬೆಕ್ಯೂ ಇದ್ದಿಲು ಆಗುತ್ತದೆ, ಆದರೆ ಬೇಗ ಹೊತ್ತಿಕೊಳ್ಳಲಿ ಅಂತ ಎಣ್ಣೆ ಹಾಕಿದ್ದು ಬೇಡ. ವಾರಕ್ಕೊಮ್ಮೆ ಮುಚ್ಚಳ ತೆರೆದು ಗಾಳಿ ಕೊಡಿ. ಊಟಕ್ಕೆ ನಾಲ್ಕು ಕಾಳು ಅಕ್ಕಿ ಹಾಕಿ, ಅದಕ್ಕೆ ಬೂಷ್ಟು ಬರಲಿ, ಅದನ್ನು ಅವು ಮೇಯಲಿ. ನಾನು ಸೋನಾ ಮಸೂರಿ ಹಾಕುತ್ತೇನೆ. ಪೆಟ್ಟಿಗೆಗೆ ಬಿಡಬೇಕಾದಾಗ ಡಬ್ಬಿಗೆ ಸ್ವಲ್ಪ ನೀರು ಹುಯ್ಯಿರಿ. ಅವುಗಳ ಮೈ ಒದ್ದೆಯಾಗುವುದಿಲ್ಲ, ಎಲ್ಲ ತೇಲಿಕೊಂಡು ಮೇಲೆ ಬರುತ್ತವೆ. ಆ ನೀರನ್ನು ಹಾಗೇ ಪೆಟ್ಟಿಗೆಯ ಮೂಲೆಗೆ ಬಗ್ಗಿಸಿ. ಮುಚ್ಚಳವನ್ನು ಕಾರಿನಲ್ಲಿ ತೆರೆಯಬೇಡಿ.